ಲೂಕಾಸ್ ಹೆಸರಿಗೆ ಬರೆದ ಕತ್ತಲು

ಹಾಸನ ಜಿಲ್ಲೆಯ ಕೆ. ಹೊಸಕೋಟೆ ಹೋಬಳಿಯಲ್ಲಿ, ಅಲ್ಲಿಂದ ಸಕಲೇಶಪುರದ ಕಡೆಗೆ ಏರುವ ಕಾಫಿ ಗುಡ್ಡಗಳಲ್ಲಿ ಹಳೆಯ ಗಾಡಿಗಳಿಗೆ ಆಯುಷ್ಯ ಹೆಚ್ಚು. ತೋಟದ ಶೆಡ್ಡಿನಲ್ಲಿ ಮೋಟಾರು ಪಂಪು, ಸ್ಪ್ರೇಯರ್, ಖಾಲಿ ಡ್ರಮ್ಮುಗಳ ಪಕ್ಕದಲ್ಲಿ ಒಂದು ಅಂಬಾಸಿಡರ್ ನಿಂತಿರುತ್ತದೆ. ಕೆಲವು ಕಡೆ ಲ್ಯಾಂಡ್ ರೋವರ್, ಅಪರೂಪಕ್ಕೆ ಮಾರಿಸ್ ಮೈನರ್ ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್. ಎಂಜಿನ್ ಸರಿಯಿದೆ, ಚಾಸಿ ಗಟ್ಟಿಯಿದೆ, ಆದರೂ ಗಾಡಿ ಶೆಡ್ಡು ಬಿಟ್ಟು ಹೊರಡುವುದಿಲ್ಲ. ಯಾಕೆಂದು ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: ಬ್ರಿಟಿಷ್ ಗಾಡಿಯ ವೈರಿಂಗ್ ನಂಬುವ ಹಾಗಿಲ್ಲ, ಮಳೆ ಹಿಡಿಯಿತೆಂದರೆ ಮುಗಿಯಿತು, ಎಲ್ಲ ಕಿತ್ತು ಹೊಸದಾಗಿ ಎಳೆಸಬೇಕು, ಇಲ್ಲವೇ ಗುಜರಿಗೆ ಕೊಡಬೇಕು. ಮೆಕ್ಯಾನಿಕ್ಕುಗಳೂ ಹೀಗೇ ಹೇಳುತ್ತಾರೆ, ಹಳೆ ಗಾಡಿಯ ಮೇಲೆ ಜೀವ ಇಟ್ಟುಕೊಂಡವರೂ ಹೀಗೇ ಹೇಳುತ್ತಾರೆ. ಇದು ತಪ್ಪು ಎಂಬುದು ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಈ ಗಾಡಿಗಳ ಕರೆಂಟು ಇವತ್ತು ಕೈಕೊಡುವುದಕ್ಕೆ ಇರುವ ದೊಡ್ಡ ಕಾರಣ ಈ ನಂಬಿಕೆಯೇ. ರಿಪೇರಿ ಆಗದ ಜಾತಿ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಯಾರೂ ರಿಪೇರಿ ಮಾಡುವುದಿಲ್ಲ, ಆ ಹೊತ್ತಿಗೆ ಗಾಡಿ ಹೊರಟರೆ ಸಾಕು ಎಂದು ತೇಪೆ ಹಾಕುತ್ತಾರೆ. ಅರವತ್ತು ವರ್ಷದ ತೇಪೆಗಳ ರಾಶಿಯನ್ನು ಮುಂದಿಟ್ಟುಕೊಂಡು, ನೋಡಿ ಬ್ರಿಟಿಷರ ಕೆಲಸ ಎನ್ನುತ್ತೇವೆ.

ಈ ಅಪಖ್ಯಾತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಎಣ್ಣೆ ದೀಪ, ಸೈಕಲ್ ದೀಪಗಳಿಂದ ಆರಂಭಿಸಿದ ವ್ಯಾಪಾರ ಮುಂದೆ ಬ್ರಿಟನ್ನಿನ ಕಾರುಗಳಿಗೆ ಡೈನಮೊ, ಸೆಲ್ಫ್, ನಮ್ಮವರು ಡೆಲ್ಕೊ ಎನ್ನುವ ಡಿಸ್ಟ್ರಿಬ್ಯೂಟರ್, ಕಾಯಿಲ್, ದೀಪ, ಸ್ವಿಚ್ಚು, ವೈಪರ್ ಎಲ್ಲವನ್ನೂ ಒದಗಿಸುವ ಕಾರ್ಖಾನೆಯಾಯಿತು. ಆ ಕಂಪನಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಅಡ್ಡಹೆಸರು ಅಂಟಿತು. ಅಮೆರಿಕಕ್ಕೆ ಹೋದ ಎಂಜಿ, ಟ್ರಯಂಫ್, ಜಾಗ್ವಾರ್ ಕಾರುಗಳ ಒಡೆಯರು ಕಟ್ಟಿದ ನಗೆಹನಿಗಳು ಜಗತ್ತನ್ನೆಲ್ಲ ಸುತ್ತಿ ನಮ್ಮ ವರ್ಕ್‌ಶಾಪುಗಳವರೆಗೂ ಬಂದವು. ಹೆಸರು ಮೊದಲೇ ಪರಿಚಿತವಾಗಿತ್ತು. 1961ರಲ್ಲಿ ಲೂಕಾಸ್ ಕಂಪನಿ ಟಿವಿಎಸ್ ಮನೆತನದ ಜೊತೆ ಸೇರಿ ಮದ್ರಾಸಿನ ಪಾಡಿಯಲ್ಲಿ ಲೂಕಾಸ್-ಟಿವಿಎಸ್ ಸ್ಥಾಪಿಸಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ, 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಹೀಗಾಗಿ ಹೊರಗಿನ ನಗೆಹನಿ ಕೇಳಿದವರಿಗೆ ತಮ್ಮ ಬಾನೆಟ್ಟಿನ ಕೆಳಗೇ ಅದೇ ಹೆಸರು ಕಂಡಿತು. ದೀಪ ಮಿಣುಕಿದ ಕೂಡಲೇ ಅಪರಾಧಿ ಸಿಕ್ಕಿಬಿಟ್ಟ.

ನಗೆಹನಿಯನ್ನು ಸಾಕ್ಷಿ ಎಂದು ಒಪ್ಪುವ ಮೊದಲು ಒಂದು ಲೆಕ್ಕ ಕೇಳಬೇಕು. ಬ್ರಿಟನ್ನಿನ ವಾಹನ ವಿದ್ಯುತ್ ಸಾಮಗ್ರಿಯ ಮಾರುಕಟ್ಟೆಯಲ್ಲಿ ಲೂಕಾಸಿನ ಹಿಡಿತ ಎಷ್ಟಿತ್ತೆಂದರೆ, ಅಲ್ಲಿಯ ಏಕಸ್ವಾಮ್ಯ ಆಯೋಗವೇ ಅದನ್ನು ವಿಚಾರಣೆಗೆ ಎತ್ತಿಕೊಂಡು 1963ರಲ್ಲಿ ವರದಿ ಕೊಟ್ಟಿತು. ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಒಂದೇ ಹೆಸರಿದ್ದರೆ, ಕೆಟ್ಟ ಹೆಚ್ಚುಕಡಿಮೆ ಎಲ್ಲ ಕಾರಿನ ಮೇಲೂ ಅದೇ ಹೆಸರಿರುತ್ತದೆ; ಅದರಿಂದ ಸಾಮಾನು ಕಳಪೆ ಎಂದು ಸಿದ್ಧವಾಗುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿಟ್ಟ ಲೂಕಾಸ್ ಸಾಮಾನು ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿಯಿದೆ. 1951, 1953, 1955, 1956, 1957ರಲ್ಲಿ ಫ್ರಾನ್ಸಿನ ಲ ಮಾನ್ ಓಟ ಗೆದ್ದದ್ದು ಜಾಗ್ವಾರ್ ಕಾರುಗಳು. ಇಪ್ಪತ್ನಾಲ್ಕು ಗಂಟೆ ಎಡೆಬಿಡದೆ, ಇಡೀ ರಾತ್ರಿ ದೀಪ ಹಚ್ಚಿಕೊಂಡು ಓಡಿಸುವ ಆ ಓಟದಲ್ಲಿ ಅವುಗಳ ದೀಪ, ಡೈನಮೊ ಲೂಕಾಸಿನವು. ಅಷ್ಟು ದೂರ ಯಾಕೆ, ನಮ್ಮ ಗದ್ದೆಗಳಿಗೇ ಬರೋಣ. ಲೂಕಾಸ್-ಟಿವಿಎಸ್ ಸೆಲ್ಫು, ಆಲ್ಟರ್ನೇಟರುಗಳು ಟ್ರ್ಯಾಕ್ಟರಿಗೂ ಲಾರಿಗೂ ಹೋಗಿವೆ. ಕೆಸರಿನಲ್ಲಿ ಮುಳುಗೆದ್ದ ಟ್ರ್ಯಾಕ್ಟರು ಬೆಳಿಗ್ಗೆ ಹೊರಡದಿದ್ದರೆ ರೈತ ಬ್ಯಾಟರಿ ವೈರು ಬಿಗಿದು ನೋಡುತ್ತಾನೆಯೇ ಹೊರತು ಬರ್ಮಿಂಗ್‌ಹ್ಯಾಮಿಗೆ ಶಾಪ ಹಾಕುವುದಿಲ್ಲ. ಇನ್ನೊಂದು ಕಡೆ, ಲೂಕಾಸಿಗೆ ಸಂಬಂಧವೇ ಇಲ್ಲದ ದೋಷಗಳೂ ಅದರ ಖಾತೆಗೆ ಜಮೆಯಾದವು. 1959ರಲ್ಲಿ ಬಂದ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರಿಂದ ಡೆಲ್ಕೊ ನೇರ ಮುಂಭಾಗದ ಜಾಲರಿಗೆ ಎದುರಾಗಿ ನಿಂತಿತು; ಮಳೆನೀರು ಹೊಡೆದು ಎಂಜಿನ್ ನಿಂತಿತು. ಜಾಗ ನಿಶ್ಚಯಿಸಿದ್ದು ಕಾರು ಕಂಪನಿ. ಮಾರಿಸ್ ಮೈನರಿನಲ್ಲಿ ಪೆಟ್ರೋಲ್ ಎಳೆಯುವ ವಿದ್ಯುತ್ ಪಂಪು ಎಸ್‌ಯು ಕಂಪನಿಯದು. ಅದರ ಪಾಯಿಂಟು ಸುಟ್ಟು ಗಾಡಿ ನಿಂತರೂ ಬೈಗುಳ ಲೂಕಾಸಿಗೆ.

ಹಾಗಾದರೆ ದೀಪ ಯಾಕೆ ಮಂಕಾಗುತ್ತದೆ, ಹಾರ್ನು ಯಾಕೆ ಕೆಮ್ಮುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟು ಯಾಕೆ ಮಿಟುಕುತ್ತದೆ? ಉತ್ತರಕ್ಕೆ ಕರೆಂಟಿನ ದಾರಿಯನ್ನು ಪೂರ್ತಿ ನೋಡಬೇಕು. ನಮ್ಮ ಕಣ್ಣು ಹೋಗುವುದು ಬ್ಯಾಟರಿಯಿಂದ ದೀಪಕ್ಕೆ ಹೋಗುವ ವೈರಿನ ಕಡೆಗೆ ಮಾತ್ರ. ಅದು ಅರ್ಧ ದಾರಿ. ವಾಪಸು ಬರುವ ಅರ್ಧ ದಾರಿ ಗಾಡಿಯ ಮೈಯೇ: ಬಲ್ಬಿನಿಂದ ಹೋಲ್ಡರಿಗೆ, ಹೋಲ್ಡರಿನಿಂದ ಮಡ್‌ಗಾರ್ಡಿಗೆ, ಮಡ್‌ಗಾರ್ಡಿನ ಬೋಲ್ಟಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ಅರ್ತ್ ಪಟ್ಟಿಗೆ. ಪ್ರತಿ ಸೇತುವೆಯಲ್ಲೂ ಲೋಹಕ್ಕೆ ಲೋಹ ಬರಿದಾಗಿ ತಾಗಿರಬೇಕು. ಅರವತ್ತು ವರ್ಷಗಳಲ್ಲಿ ಆ ಮಡ್‌ಗಾರ್ಡು ಎಷ್ಟು ಸಲ ಬಿಚ್ಚಿ ಪೇಂಟಾಗಿ ಮತ್ತೆ ಕೂತಿದೆ, ಆ ಬೋಲ್ಟಿನ ಕೆಳಗೆ ಎಷ್ಟು ಪದರ ಬಣ್ಣ, ಎಷ್ಟು ತುಕ್ಕು ಇದೆ ಎಂದು ಯಾರೂ ಕೇಳುವುದಿಲ್ಲ. ಒಂದು ದೀಪದ ಅರ್ತ್ ಹೋದಾಗ ಕರೆಂಟು ಪಕ್ಕದ ಬಲ್ಬಿನ ತಂತುವಿನ ಮೂಲಕ ಹಿಮ್ಮುಖವಾಗಿ ದಾರಿ ಹುಡುಕುತ್ತದೆ. ಇಂಡಿಕೇಟರಿನ ಜೊತೆ ಬೇರೆ ದೀಪ ಮಿಟುಕುವ ‘ದೆವ್ವ’ದ ಕಥೆ ಇಷ್ಟೇ. ಎಂಜಿನ್ನು ರಬ್ಬರ್ ದಿಂಬುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ಇರುವ ಗಟ್ಟಿ ಸಂಬಂಧ ಒಂದೇ ಒಂದು ಹೆಣೆದ ತಾಮ್ರದ ಪಟ್ಟಿ. ಅದು ತುಂಡಾದರೆ ಸೆಲ್ಫ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಚೋಕ್ ಕೇಬಲ್ಲು, ಎಕ್ಸಲರೇಟರ್ ಕೇಬಲ್ಲುಗಳ ಮೂಲಕ ನುಗ್ಗುತ್ತದೆ. ಚೋಕಿನ ಗುಂಡಿ ಮುಟ್ಟಿದರೆ ಸುಡುತ್ತದೆ, ಸೆಲ್ಫು ನರಳುತ್ತದೆ. ಇಂಥ ಗಾಡಿಗೆ ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಸೆಲ್ಫ್ ಬದಲಿಸುತ್ತಾರೆ, ಕೊನೆಗೆ ಗಾಡಿಯನ್ನೇ ಬದಲಿಸುತ್ತಾರೆ. ಪಟ್ಟಿ ಹಾಗೇ ಇರುತ್ತದೆ.

ಇದನ್ನು ನಂಬಿ ಎಂದು ನಾನು ಹೇಳಬೇಕಿಲ್ಲ, ಅಳೆಯಬಹುದು. ಸಾಧಾರಣ ಮಲ್ಟಿಮೀಟರ್ ಸಾಕು. ಹೆಡ್‌ಲೈಟು ಹಚ್ಚಿದ ಸ್ಥಿತಿಯಲ್ಲೇ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೂ ಇನ್ನೊಂದನ್ನು ದೀಪದ ಹೋಲ್ಡರಿನ ಮೈಗೂ ತಾಗಿಸಿದರೆ, ವಾಪಸು ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ ಎಂಬುದು ಅಂಕಿಯಲ್ಲಿ ಕಾಣುತ್ತದೆ. ಸರಿಯಾದ ಗಾಡಿಯಲ್ಲಿ ಅದು ಒಂದು ವೋಲ್ಟಿನ ಹತ್ತನೇ ಒಂದೆರಡು ಪಾಲು ಇರಬೇಕು. ಹೋಗುವ ದಾರಿಯನ್ನೂ ಹೀಗೆಯೇ ಅಳೆಯಬಹುದು. ಲೆಕ್ಕ ಸರಳ: ಎರಡು ಹೆಡ್‌ಲೈಟಿಗೆ ಸುಮಾರು 8 ಆಂಪಿಯರ್ ಹರಿಯುತ್ತದೆ ಎನ್ನಿ. ಸ್ವಿಚ್ಚು, ಡಿಮ್ ಸ್ವಿಚ್ಚು, ನಾಲ್ಕು ಜಾಯಿಂಟು, ಅರ್ತ್ ಎಲ್ಲ ಸೇರಿ ಬರಿ 0.15 ಓಮ್ ತಡೆ ಒಡ್ಡಿದರೂ 1.2 ವೋಲ್ಟ್ ದಾರಿಯಲ್ಲೇ ಖರ್ಚಾಯಿತು. ಅಂದರೆ ಹನ್ನೆರಡರಲ್ಲಿ ಹತ್ತನೇ ಒಂದು ಪಾಲು. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಧಡಕ್ಕನೆ ಕುಸಿಯುತ್ತದೆ: ವೋಲ್ಟೇಜು ಶೇ 10 ತಗ್ಗಿದರೆ ಬೆಳಕು ಸುಮಾರು ಶೇ 30 ಹೋಗುತ್ತದೆ, ಶೇ 15 ತಗ್ಗಿದರೆ ಶೇ 40ಕ್ಕಿಂತ ಹೆಚ್ಚು. ಜುಲೈ ತಿಂಗಳ ಸಂಜೆ ಮಂಜು ಕವಿದ ತೋಟದ ರಸ್ತೆಯಲ್ಲಿ ಆ ಕಾರಿನ ದೀಪ ಹಣತೆಯಂತೆ ಕಂಡರೆ ಬಲ್ಬಿನದೂ ತಪ್ಪಿಲ್ಲ, ಡೈನಮೊದ್ದೂ ತಪ್ಪಿಲ್ಲ. ಆ 0.15 ಓಮ್ ಎಲ್ಲಿ ಕೂತಿದೆ ಎಂದು ಒಂದೊಂದೇ ಜಾಯಿಂಟು ದಾಟುತ್ತ ಹುಡುಕಬೇಕು. ಅರ್ಧ ದಿನದ ಕೆಲಸ ಇದು. ಇದನ್ನು ಮಾಡದೆ, ಅಳೆಯದೆ, ‘ವೈರಿಂಗೇ ಸರಿಯಿಲ್ಲ’ ಎನ್ನುವುದು ನಾಡಿ ಹಿಡಿಯದೆ ರೋಗ ಹೇಳಿದಂತೆ.

ಜಾಯಿಂಟು ಯಾಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಮಲೆನಾಡೇ ಅರ್ಧ ಉತ್ತರ ಕೊಡುತ್ತದೆ. ಮೃಗಶಿರಾ ಮಳೆ ಕಾಲಿಟ್ಟ ಮೇಲೆ ನಾಲ್ಕು ತಿಂಗಳು ಇಲ್ಲಿ ಗೋಡೆಯೇ ಬೆವರುತ್ತದೆ. ಒಣಗಲು ಹಾಕಿದ ಬಟ್ಟೆ ಮೂರು ದಿನ ಹಸಿಯಾಗಿರುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಯ ಮೇಲೆ ಮಳೆ ಬೀಳದಿದ್ದರೂ ತೇವ ಎಲ್ಲ ಸಂದಿಯಲ್ಲೂ ಸೇರುತ್ತದೆ. ತಾಮ್ರ, ಹಿತ್ತಾಳೆ, ಕಬ್ಬಿಣ ಒಂದಕ್ಕೊಂದು ತಾಗಿ ನಡುವೆ ನೀರಿನ ಪದರ ನಿಂತರೆ ಅದೇ ಒಂದು ಸಣ್ಣ ಬ್ಯಾಟರಿಯಾಗಿ ಲೋಹ ತಿನ್ನುತ್ತದೆ. ಲ್ಯಾಂಡ್ ರೋವರಿನಲ್ಲಿ ಬಾಡಿ ಅಲ್ಯುಮಿನಿಯಂ, ಚಾಸಿ ಉಕ್ಕು. ಇವೆರಡರ ನಡುವೆ ಬೆಳೆಯುವ ಬಿಳಿ ಪುಡಿ ಕರೆಂಟನ್ನು ಪೂರ್ತಿ ತಡೆಯುತ್ತದೆ. ಇದಕ್ಕೆ ತೋಟದ ಸಾಮಾನು ಕೂಡುತ್ತದೆ. ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮೈಲುತುತ್ತ ತರದ ಕಾಫಿ ತೋಟವಿಲ್ಲ. ಸುಣ್ಣ ಬೆರೆಸದ ಮೈಲುತುತ್ತದ ನೀರು ಕಬ್ಬಿಣದ ಮೇಲೆ ಚೆಲ್ಲಿದರೆ ತಾಮ್ರ ಕೂತು ಕಬ್ಬಿಣ ಕರಗುತ್ತದೆ ಎಂದು ಡ್ರಮ್ಮು ಕಲಕಿದ ಎಲ್ಲರಿಗೂ ಗೊತ್ತು. ಬ್ಯಾಟರಿ ಟರ್ಮಿನಲ್ಲಿನ ಮೇಲೆ ಹೂವಿನಂತೆ ಅರಳುವ ನೀಲಿ ಪುಡಿಯಲ್ಲಿರುವುದೂ ಅದೇ ಮೈಲುತುತ್ತ, ಬ್ಯಾಟರಿಯ ಆಸಿಡ್ಡು ತಾಮ್ರವನ್ನು ತಿಂದು ಆದದ್ದು. ಇನ್ನು ಗೊಬ್ಬರ, ಕೊಟ್ಟಿಗೆ. ಗಂಜಲದಿಂದಲೂ ತೇವ ಹಿಡಿದ ಯೂರಿಯಾದಿಂದಲೂ ಏಳುವ ಅಮೋನಿಯ ಹಿತ್ತಾಳೆಗೆ ವಿಷ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದಲ್ಲಿ ಇರಿಸಿದ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯದ ಅಮೋನಿಯ ಮತ್ತು ತೇವ ಸೇರಿ ಹಿತ್ತಾಳೆಯನ್ನು ಸೀಳುತ್ತಿವೆ ಎಂದು ಬ್ರಿಟಿಷ್ ಲೋಹತಜ್ಞರು ಗುರುತಿಸಿ 1921ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಗಾಡಿಯ ವೈರುಗಳನ್ನು ಜೋಡಿಸುವ ಗುಂಡಿನಾಕಾರದ ತುದಿಗಳು, ನಮ್ಮ ಮೆಕ್ಯಾನಿಕ್ಕುಗಳು ಬುಲೆಟ್ ಎನ್ನುವವು, ಹಿತ್ತಾಳೆಯವೇ. ದನದ ಕೊಟ್ಟಿಗೆಯ ಗೋಡೆಗೆ ತಾಗಿದ ಶೆಡ್ಡಿನಲ್ಲಿ, ಯೂರಿಯಾ ಚೀಲಗಳ ಪಕ್ಕ ಗಾಡಿ ನಿಲ್ಲಿಸಿ, ಬುಲೆಟ್ಟು ಹಸಿರುಗಟ್ಟಿದ್ದಕ್ಕೆ ಬರ್ಮಿಂಗ್‌ಹ್ಯಾಮನ್ನು ದೂರುವುದು ನ್ಯಾಯವಲ್ಲ.

ಉತ್ತರದ ಇನ್ನರ್ಧ ಮನುಷ್ಯರ ಕೈಯಲ್ಲಿದೆ, ನನ್ನ ತಕರಾರು ಹೆಚ್ಚಾಗಿ ಇರುವುದೂ ಇಲ್ಲಿಯೇ. ಲೂಕಾಸಿನ ವೈರಿಂಗಿಗೆ ಒಂದು ಭಾಷೆಯಿದೆ. ಕಂದು ಬಣ್ಣದ ವೈರೆಂದರೆ ಬ್ಯಾಟರಿಯಿಂದ ನೇರ ಬಂದದ್ದು. ಬಿಳಿ, ಕೀ ತಿರುಗಿಸಿದ ಮೇಲೆ ಬರುವ ಕರೆಂಟು. ಹಸಿರು, ಅದೇ ಕರೆಂಟು ಫ್ಯೂಸ್ ದಾಟಿದ ಮೇಲೆ. ನೇರಳೆ, ಕೀ ಇಲ್ಲದೆಯೂ ಫ್ಯೂಸಿನ ಮೂಲಕ ಬರುವುದು. ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ, ಕಪ್ಪು ಅರ್ತಿಗೆ. ನೀಲಿಯಲ್ಲಿ ಬಿಳಿ ಗೆರೆಯಿದ್ದರೆ ದೂರದ ಬೆಳಕು, ಕೆಂಪು ಗೆರೆಯಿದ್ದರೆ ಡಿಮ್. ಇದನ್ನು ಕಲಿಯಲು ಒಂದು ಸಂಜೆ ಸಾಕು. ಕಲಿತವನಿಗೆ ಮೈನರ್, ಆಕ್ಸ್‌ಫರ್ಡ್, ಲ್ಯಾಂಡ್ ರೋವರ್ ಮೂರೂ ಒಂದೇ ಪುಸ್ತಕದ ಮೂರು ಪುಟ. ಇಷ್ಟು ಸ್ಪಷ್ಟವಾಗಿ ಓದಲು ಬರುವ ವೈರಿಂಗು ಅಂದಿನ ಕಾಲದಲ್ಲಿ ಕಡಿಮೆಯೇ ಇತ್ತು. ನಾವು ಮಾಡಿದ್ದೇನು? ಹಿಂದಿನ ದೀಪ ಆರಿದಾಗ, ಕೆಂಪು ವೈರು ಎಲ್ಲಿ ಸತ್ತಿದೆ ಎಂದು ಹುಡುಕದೆ ಕೈಗೆ ಸಿಕ್ಕ ಹಳದಿ ವೈರನ್ನು ಸ್ವಿಚ್ಚಿನಿಂದ ಡಿಕ್ಕಿಯವರೆಗೆ ಮ್ಯಾಟಿನ ಕೆಳಗೆ ಎಳೆದೆವು. ಹಾರ್ನಿಗೆ ಬ್ಯಾಟರಿಯಿಂದ ಬೇರೆ ಲೈನು. ಟೇಪ್‌ರೆಕಾರ್ಡರಿಗೆ ವೈಪರಿನ ವೈರಿನ ಚರ್ಮ ಸುಲಿದು ಗಂಟು. ಮಂಜಿನ ದೀಪಕ್ಕೆ ಡ್ಯಾಶ್‌ಬೋರ್ಡಿನ ಕೆಳಗೊಂದು ಮನೆಯ ಸ್ವಿಚ್ಚು. ತಿರುಚಿದ ಗಂಟಿಗೆ ಸುತ್ತಿದ ಟೇಪು ಎರಡು ಬೇಸಿಗೆಯಲ್ಲಿ ಅಂಟು ಬಿಡುತ್ತದೆ, ಮೂರನೆಯ ಮಳೆಗಾಲದಲ್ಲಿ ಶಾರ್ಟಾಗುತ್ತದೆ. ಪ್ರತಿ ತೇಪೆಯ ಹಿಂದೆಯೂ ಇದ್ದದ್ದು ಒಂದೇ ಸಮಾಧಾನ: ಹೇಗಿದ್ದರೂ ಬ್ರಿಟಿಷ್ ಗಾಡಿ, ಸರಿ ಮಾಡಿದರೂ ನಿಲ್ಲುವುದಿಲ್ಲ. ಅಪಖ್ಯಾತಿ ತೇಪೆಗೆ ರಹದಾರಿ ಕೊಟ್ಟಿತು, ತೇಪೆ ಅಪಖ್ಯಾತಿಯನ್ನು ನಿಜ ಮಾಡಿತು.

ಫ್ಯೂಸಿನ ವಿಷಯದಲ್ಲಿ ಈ ಅಸಡ್ಡೆ ಅಪಾಯದ ಗಡಿ ದಾಟಿದೆ. ಅಂದಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಇದ್ದದ್ದು ಎರಡೇ ಫ್ಯೂಸು, ಎರಡರ ಮೇಲೂ 35 ಎಂಬ ಅಂಕಿ. ಲೂಕಾಸಿನ ಲೆಕ್ಕದಲ್ಲಿ 35 ಎಂದರೆ ಫ್ಯೂಸು ಸುಟ್ಟುಹೋಗುವ ಆಂಪಿಯರ್. ನಿರಂತರ ತಾಳಿಕೊಳ್ಳುವುದು 17 ಮಾತ್ರ. ಇಂದಿನ ಅಂಗಡಿಯ ಫ್ಯೂಸಿನ ಮೇಲೆ ಬರೆದಿರುವ ಅಂಕಿ ಅದು ನಿರಂತರ ತಾಳುವ ಆಂಪಿಯರ್. ಇದು ಗೊತ್ತಿಲ್ಲದೆ ಹಳೆಯದರ ಜಾಗಕ್ಕೆ ಈಗಿನ 35ರದ್ದನ್ನು ಹಾಕಿದರೆ ರಕ್ಷಣೆ ಅರ್ಧಕ್ಕೆ ಇಳಿಯಿತು. ಫ್ಯೂಸಿನ ಬದಲು ತಾಮ್ರದ ಎಳೆ, ಸಿಗರೇಟಿನ ಬೇಗಡೆ ಸುತ್ತಿದರೆ ಫ್ಯೂಸಿನ ಕೆಲಸವನ್ನು ವೈರು ಮಾಡಬೇಕಾಗುತ್ತದೆ, ಅಂದರೆ ವೈರೇ ಸುಡಬೇಕಾಗುತ್ತದೆ. ಹೊತ್ತಿ ಉರಿದ ಹಳೆ ಕಾರನ್ನು ನೋಡಿ ಹಳೆಯ ವೈರಿಂಗು ಎನ್ನುವವರು ಆ ಬೇಗಡೆಯನ್ನೂ ನೋಡಲಿ.

ಡೈನಮೊದ ಮೇಲಿನ ದೂರನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು, ಏಕೆಂದರೆ ಅದರಲ್ಲಿ ಸ್ವಲ್ಪ ಸತ್ಯವಿದೆ. ಲೂಕಾಸಿನ ಸಿ40 ಡೈನಮೊ ಗರಿಷ್ಠ 22 ಆಂಪಿಯರ್ ಕೊಡುತ್ತದೆ, ಅದೂ ಎಂಜಿನ್ನು ಚೆನ್ನಾಗಿ ತಿರುಗುವಾಗ. ನ್ಯೂಟ್ರಲಿನಲ್ಲಿ ನಿಂತಿದ್ದರೆ ಬಹುತೇಕ ಏನೂ ಇಲ್ಲ. ರಾತ್ರಿ ಮಳೆಯಲ್ಲಿ ಮೂಲ ಬಲ್ಬುಗಳ ಹೆಡ್‌ಲೈಟಿಗೆ 7-8, ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ 2, ಇಗ್ನಿಷನ್ನಿಗೆ 3-4, ವೈಪರಿಗೆ 2-3, ಒಟ್ಟು ಹದಿನಾರರ ಆಸುಪಾಸು. ಗಾಡಿ ಓಡುತ್ತಿರುವಾಗ ಬ್ಯಾಟರಿಗೂ ಅಷ್ಟಿಷ್ಟು ಉಳಿಯುತ್ತದೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ದೀಪ ಹಚ್ಚಿ ನಿಂತರೆ ಬ್ಯಾಟರಿ ಇಳಿಯುತ್ತದೆ, ಒಪ್ಪಿದೆ. ಸಕಲೇಶಪುರದ ಏರುದಾರಿಯಲ್ಲಿ ಎರಡನೆಯ ಗೇರಿನಲ್ಲಿ ಎಂಜಿನ್ನು ಮೇಲೆ ತಿರುಗುತ್ತ ಹತ್ತುವಾಗ ಡೈನಮೊ ತುಂಬು ಕೈಯಿಂದ ಕೊಡುತ್ತದೆ. ಯಾವ ಊರಿನ ದೂರನ್ನು ಯಾವ ಊರಿನಲ್ಲಿ ಹೇಳುತ್ತಿದ್ದೇವೆ ಎಂಬ ಎಚ್ಚರ ಬೇಕು. ಈಗ ಅದೇ ಗಾಡಿಗೆ ನೂರು ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬು ಹಾಕಿ. ಎರಡು ಹೆಡ್‌ಲೈಟಿಗೇ ಹದಿನಾರಕ್ಕೂ ಹೆಚ್ಚು ಆಂಪಿಯರ್ ಬೇಕು, ಒಟ್ಟು ಇಪ್ಪತ್ನಾಲ್ಕು ದಾಟಿತು. ಇಪ್ಪತ್ತೆರಡು ಸೇರು ಹೊರುವವನ ತಲೆಗೆ ಇಪ್ಪತ್ತೈದು ಸೇರು ಹೊರಿಸಿ ಬಿದ್ದನೆಂದು ಬೈದ ಹಾಗಾಯಿತು. ಡೈನಮೊವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟೌಟಿನ ಕಥೆಯೂ ಹೀಗೆಯೇ. ಆರ್‌ಬಿ106 ಕಟೌಟಿನಲ್ಲಿ ಡೈನಮೊ ಬ್ಯಾಟರಿಗೆ ಸೇರಬೇಕಾದ್ದು 12.7ರಿಂದ 13.3 ವೋಲ್ಟಿನ ನಡುವೆ. ಬ್ಯಾಟರಿಯಿಂದ ಬಿಡಿಸಿ ಅಳೆದಾಗ ರೆಗ್ಯುಲೇಟರ್ ನಿಲ್ಲಬೇಕಾದ್ದು 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 16.0ರಿಂದ 16.6ರ ನಡುವೆ. ಮೀಟರಿಲ್ಲದೆ, ಅಂದಾಜಿನಲ್ಲಿ ಸ್ಕ್ರೂ ತಿರುಗಿಸಿದ ಕಟೌಟು ಬ್ಯಾಟರಿಯನ್ನು ಬರಿದು ಮಾಡುತ್ತದೆ, ಇಲ್ಲವೇ ಕುದಿಸುತ್ತದೆ. ಜೊತೆಗೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅರ್ತಿಗೆ ಹೋಗುವುದು ಬ್ಯಾಟರಿಯ ಪಾಸಿಟಿವ್ ಎಂಬುದನ್ನು ಮರೆತು ಈಗಿನ ವಾಡಿಕೆಯಂತೆ ಉಲ್ಟಾ ಕೂರಿಸಿದ ಬ್ಯಾಟರಿಗಳೆಷ್ಟೋ. ನೆಗೆಟಿವ್ ಅರ್ತಿಗೆ ಬದಲಿಸಬಾರದೆಂದಿಲ್ಲ. ಬದಲಿಸಿದರೆ ಡೈನಮೊದ ಫೀಲ್ಡಿಗೆ ಒಮ್ಮೆ ಬ್ಯಾಟರಿ ತಾಗಿಸಿ ಅದರ ಧ್ರುವ ತಿರುಗಿಸಬೇಕು, ಕಾಯಿಲಿನ ವೈರುಗಳನ್ನು ಅದಲುಬದಲು ಮಾಡಬೇಕು. ಎರಡು ನಿಮಿಷದ ಈ ಕೆಲಸ ಬಿಟ್ಟು ಡೈನಮೊ ಸತ್ತಿದೆ ಎಂದು ಘೋಷಿಸುವುದು ಅನ್ಯಾಯ.

ಇಷ್ಟು ಹೇಳಿದ ಮೇಲೆ ಎದುರಾಳಿಯ ಬಲವಾದ ಮಾತಿಗೆ ಬರಬೇಕು. ಲೂಕಾಸಿನಲ್ಲಿ ದೋಷವೇ ಇರಲಿಲ್ಲವೇ? ಇತ್ತು. ಎರಡೇ ಫ್ಯೂಸಿನ ಮೇಲೆ ಇಡೀ ಗಾಡಿಯನ್ನು ನಿಲ್ಲಿಸಿದ್ದು ಜಿಪುಣತನ, ಆ ಜಿಪುಣತನದಲ್ಲಿ ಪೈಸೆ ಲೆಕ್ಕ ಹಾಕಿದ ಕಾರು ಕಂಪನಿಗಳಿಗೂ ಪಾಲಿತ್ತು. ಹೆಡ್‌ಲೈಟಿಗೆ ಫ್ಯೂಸೇ ಇಡದಿರುವುದಕ್ಕೆ, ಫ್ಯೂಸು ಹಾರಿ ತಿರುವಿನಲ್ಲಿ ಕತ್ತಲಾಗಬಾರದೆಂಬ ಸಮರ್ಥನೆಯಿದ್ದರೂ ಎಡಕ್ಕೊಂದು ಬಲಕ್ಕೊಂದು ಫ್ಯೂಸಿಟ್ಟು ಅದನ್ನು ಸಾಧಿಸಬಹುದಿತ್ತು. ಬುಲೆಟ್ಟುಗಳಿಗೆ ನೀರು ಹೋಗದಂತೆ ಮುಚ್ಚಳವಿರಲಿಲ್ಲ. ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನೊಳಗಿಂದ ಹರಿಯುತ್ತಿತ್ತು. ಮಾರಿಸ್ ಮೈನರಿನಲ್ಲಿ ಡಿಮ್ ಸ್ವಿಚ್ಚು ನೆಲದ ಮೇಲೆ, ಎಡಗಾಲಿನ ಕೆಳಗಿತ್ತು. ಗಂಬೂಟಿನ ಕೆಸರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇವೆಲ್ಲ ನಿಜ. ಆದರೆ ಇವುಗಳಲ್ಲಿ ಒಂದಕ್ಕೂ ವೈರಿಂಗ್ ಕಿತ್ತೆಸೆಯುವುದು ಪರಿಹಾರವಲ್ಲ. ಹೆಡ್‌ಲೈಟಿಗೆ ಎರಡು ರಿಲೇ ಹಾಕಿ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರು ಎಳೆದರೆ ಹಳೆಯ ಸ್ವಿಚ್ಚು ರಿಲೇಗೆ ಸನ್ನೆ ಮಾಡುವ ಕೆಲಸವನ್ನಷ್ಟೇ ಮಾಡುತ್ತದೆ. ಬೆಳಕು ಹೆಚ್ಚುತ್ತದೆ, ಸ್ವಿಚ್ಚು ಬಿಸಿಯಾಗುವುದಿಲ್ಲ, ಬೇಡವೆಂದಾಗ ಗುರುತೇ ಇಲ್ಲದಂತೆ ತೆಗೆದುಬಿಡಬಹುದು. ಬುಲೆಟ್ಟಿಗೆ ಹೊಸ ಸ್ಲೀವು, ಒಳಗೆ ಚಿಟಿಕೆ ವ್ಯಾಸಲೀನು. ದೋಷ ಎಲ್ಲಿದೆಯೋ ಅಲ್ಲಿಗೆ ಮದ್ದು.

ಕೆಲವರು ಇನ್ನೂ ಒಂದು ತರ್ಕ ಮುಂದಿಡುತ್ತಾರೆ: ಹಳೆಯ ವೈರಿನ ಮೇಲಿನ ಬಟ್ಟೆ, ರಬ್ಬರು ಉದುರುತ್ತಿದ್ದರೆ ಬದಲಿಸದೆ ಗತಿಯೇನು, ಇಲಿ ಕಡಿದದ್ದನ್ನು ಎಷ್ಟು ಜೋಡಿಸುತ್ತೀರಿ ಎಂದು. ಉದುರುತ್ತಿದ್ದರೆ ಬದಲಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬದಲಿಸುವುದು ಒಂದು, ಕಿತ್ತು ಬೇರೆ ಮಾಡುವುದು ಇನ್ನೊಂದು. ಅದೇ ನಕ್ಷೆ, ಅದೇ ಬಣ್ಣ, ಅದೇ ದಪ್ಪದ ವೈರು ಹಾಕಿ ಕಟ್ಟಿದರೆ ಮುಂದೆ ಬರುವವನೂ ಓದಬಲ್ಲ. ಈಗ ನಡೆಯುತ್ತಿರುವುದು ಹಾಗಲ್ಲ. ಎಲ್ಲವನ್ನೂ ಕಿತ್ತು, ಸಿಕ್ಕ ಒಂದೇ ಬಣ್ಣದ ವೈರಿನಲ್ಲಿ, ಬೇರೊಂದು ಕಾರಿನ ಸ್ವಿಚ್ಚುಗಳನ್ನು ಕೂರಿಸಿ, ನಕ್ಷೆ ಬರೆದಿಡದೆ ಗಾಡಿ ಕೊಡುತ್ತಾರೆ. ಆ ವೈರಿಂಗು ಕಟ್ಟಿದವನೊಬ್ಬನಿಗೇ ಗೊತ್ತು; ಎರಡು ವರ್ಷದ ನಂತರ ಅವನಿಗೂ ನೆನಪಿರುವುದಿಲ್ಲ. ಆಲ್ಟರ್ನೇಟರ್ ಹಾಕಿಸುವವರಿಗೂ ಇದೇ ಮಾತು. ಬೇಕಾದರೆ ಹಾಕಿಸಿ, ಲೂಕಾಸಿನದೇ 16ಎಸಿಆರ್ 34 ಆಂಪಿಯರ್ ಕೊಡುತ್ತದೆ. ಆದರೆ ಅರ್ತ್ ಪಟ್ಟಿ ತಿಕ್ಕದೆ, ಹಳೆಯ ತೆಳು ವೈರಿನಲ್ಲೇ ಅಷ್ಟು ಕರೆಂಟು ಹರಿಸಿದರೆ ಮೊದಲು ಮಂಕಾಗಿ ಇದ್ದ ದೋಷ ಈಗ ಬಿಸಿಯಾಗಿ ಬರುತ್ತದೆ. ಇನ್ನು, 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಆ ನಿಯಮ ಮುಖ್ಯವಾಗಿ ಚಾಸಿ, ಬಾಡಿ, ಎಂಜಿನ್ನಿನ ಬದಲಾವಣೆಯನ್ನು ನೋಡುತ್ತದೆ, ನಿಜ. ಆದರೂ ಮೂಲರೂಪದ ಮಾತು ಕಾನೂನಿಗೆ ಬಂದ ಹೊತ್ತಿನಲ್ಲೇ ಗಾಡಿಯ ನರಮಂಡಲವನ್ನು ಕಿತ್ತು ತಿಪ್ಪೆಗೆ ಎಸೆಯುವುದು ವಿವೇಕವೆನಿಸುವುದಿಲ್ಲ.

‘ಇದನ್ನೆಲ್ಲ ಮಾಡುವವರು ಯಾರಿದ್ದಾರೆ’ ಎಂಬುದು ಕೊನೆಯ ಆಕ್ಷೇಪ, ಮತ್ತು ಅತ್ಯಂತ ದುಃಖದ್ದು. ಇದ್ದಾರೆ. ಆಲೂರು, ಸಕಲೇಶಪುರ, ಹಾಸನದಂಥ ಊರುಗಳಲ್ಲಿ ಡೈನಮೊ ಬಿಚ್ಚಿ ಕಾರ್ಬನ್ ಬದಲಿಸಿ, ಕಮ್ಯುಟೇಟರ್ ಲೇತಿಗೆ ಹಾಕಿ, ಕಟೌಟಿನ ಪಾಯಿಂಟು ತಿಕ್ಕಿದ ಕೈಗಳು ಇನ್ನೂ ಇವೆ. ಹೊಸ ಗಾಡಿಗಳಿಗೆ ಅವರ ವಿದ್ಯೆ ಬೇಕಿಲ್ಲ. ಅಲ್ಲಿ ಸ್ಕ್ಯಾನರ್ ಹಚ್ಚಿ ಡಬ್ಬಿ ಬದಲಿಸುತ್ತಾರೆ. ಅವರಿಗೆ ಉಳಿದಿರುವುದು ಈ ಹಳೆಯ ಗಾಡಿಗಳೇ. ಅವುಗಳ ಒಡೆಯರೂ ‘ರಿಪೇರಿ ವ್ಯರ್ಥ’ ಎಂದು ನಂಬಿದ ದಿನ ಆ ವಿದ್ಯೆ ಮುಂದಿನ ಹುಡುಗನಿಗೆ ದಾಟದೆ ನಿಲ್ಲುತ್ತದೆ. ಅಂಗಡಿಯ ಹೊಸ ಸಾಮಾನು ಹಳೆಯದಕ್ಕಿಂತ ಮೇಲು ಎಂಬ ಭರವಸೆಯೂ ಇಲ್ಲ. ಲೂಕಾಸಿನ ಹೆಸರಿನ ಡಬ್ಬಿಯಲ್ಲಿ ಬರುವ ನಕಲಿ ರೋಟರು, ಕಂಡೆನ್ಸರುಗಳು ವಾರದಲ್ಲಿ ಕೈಕೊಡುತ್ತವೆ. ಆ ಪಾಪವೂ ಹಳೆಯ ಲೂಕಾಸಿಗೇ ಸೇರುತ್ತದೆ. ಮೂಲ ಸಾಮಾನು ಉಳಿದಿದ್ದರೆ ಅದನ್ನು ತೊಳೆದು, ಒಣಗಿಸಿ, ಅಳೆದು ನೋಡದೆ ಎಸೆಯಬಾರದು.

ಮಲೆನಾಡಿನಲ್ಲಿ ಐವತ್ತು ವರ್ಷದ ಹಂಚಿನ ಮನೆ ಸೋರಿದರೆ ಹಂಚು ಮಾಡಿದ ಮಂಗಳೂರಿನ ಕಾರ್ಖಾನೆಯನ್ನು ಯಾರೂ ಬೈಯುವುದಿಲ್ಲ. ಮಳೆಗೆ ಮುಂಚೆ ಮಾಡಿನ ಮೇಲೆ ಹತ್ತಿ ಒಡೆದ ಹಂಚು ತೆಗೆದು ಬೇರೆ ಹಾಕಿಸುತ್ತಾರೆ, ದೋಣಿಯ ಕಸ ಬಳಿಯುತ್ತಾರೆ. ಶೆಡ್ಡಿನಲ್ಲಿ ನಿಂತ ಗಾಡಿಗೂ ಅಷ್ಟೇ ಸಾಕು. ರೋಹಿಣಿ ಮಳೆಗೆ ಮುಂಚಿನ ಒಂದು ಬಿಸಿಲ ದಿನ, ಬ್ಯಾಟರಿ ಟರ್ಮಿನಲ್ಲುಗಳನ್ನು ಸೋಡಾಪುಡಿಯ ನೀರಿನಲ್ಲಿ ತೊಳೆದು ಒಣಗಿಸಿ. ಎಂಜಿನ್ನಿನ ಅರ್ತ್ ಪಟ್ಟಿಯ ಎರಡೂ ತುದಿ ಬಿಚ್ಚಿ, ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಸವರಿ. ಯೂರಿಯಾ ಚೀಲಗಳನ್ನು ಬೇರೆ ಕಡೆ ಇಡಿಸಿ. ದೀಪ ಹಚ್ಚಿ ಮೀಟರು ಹಿಡಿಯಿರಿ. ಆ ಅಂಕಿ ನೋಡುವವರೆಗೆ ವೈರಿಂಗಿಗೆ ಕತ್ತರಿ ಹಾಕಲು ಯಾರಿಗೂ ಬಿಡಬೇಡಿ.